ಹಳಿ ಕವಲಿನ ಕಾಟಗಳು: ಮಾದರಿ ರೈಲು ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟರ್ನೌಟ್ ಬಗ್ಗೆಯೇ, ಅಂದರೆ ಒಂದು ದಾರಿ ಎರಡಾಗಿ ಕವಲೊಡೆಯುವ ಹಳಿಯ ಬಗ್ಗೆಯೇ ಇವೆ. ಬೆಟ್ಟಕ್ಕೆ ಹುಲ್ಲು ಅಂಟಿಸುವುದು ಹೇಗೆ, ಬೋಗಿಗೆ ತುಕ್ಕಿನ ಬಣ್ಣ ಹೊಡೆಯುವುದು ಹೇಗೆ ಎಂದು ಕೇಳಿದವರು ಮುಂದಿನ ಸಂಚಿಕೆಯವರೆಗೆ ತಾಳಬೇಕು.

ಉತ್ತರಕ್ಕೆ ಮುಂಚೆ ಒಂದಿಷ್ಟು ಪೀಠಿಕೆ ಬೇಕೇ ಬೇಕು. ಎರಡು ಹಳಿಯ ವ್ಯವಸ್ಥೆಯಲ್ಲಿ ಎಡ ಹಳಿ ಒಂದು ತಂತಿ, ಬಲ ಹಳಿ ಇನ್ನೊಂದು ತಂತಿ. ದಾರಿ ಕವಲೊಡೆದಾಗ ಒಂದು ದಾರಿಯ ಎಡ ಹಳಿ ಮತ್ತೊಂದು ದಾರಿಯ ಬಲ ಹಳಿಯನ್ನು ಎಲ್ಲೋ ಒಂದು ಕಡೆ ದಾಟಲೇಬೇಕು. ಆ ದಾಟುವ ಜಾಗವೇ ಫ್ರಾಗ್. ನಿಮ್ಮೆಲ್ಲರ ತಲೆನೋವೂ ಅಲ್ಲಿಂದಲೇ ಹುಟ್ಟುವುದು. ಮಾರ್ಕ್ಲಿನ್ ಕಂಪನಿಯ ಎಚ್ಒ ಅಳತೆಯ ರೈಲುಗಳ ಥರ ನಡುವಿನ ಗುಬುಟುಗಳಿಂದ ಕರೆಂಟು ತೆಗೆದುಕೊಳ್ಳುವ ವ್ಯವಸ್ಥೆ ಇರುವವರಿಗೆ ಈ ಕಷ್ಟವಿಲ್ಲ. ಅವರ ಎರಡೂ ಹಳಿ ಒಂದೇ ಧ್ರುವ. ಅಂಥವರು ಪುಟ ತಿರುಗಿಸಬಹುದು.

ಪ್ರಶ್ನೆ: ಮುಖ್ಯ ಮಾರ್ಗದ ಪಕ್ಕ ಒಂದು ಲೂಪ್ ಸೇರಿಸಿದ್ದೇನೆ. ಎರಡು ತುದಿಗೂ ಪೀಕೋ ಕಂಪನಿಯ ಎಲೆಕ್ಟ್ರೋಫ್ರಾಗ್ (ಲೋಹದ ಫ್ರಾಗ್ ಇರುವ) ಟರ್ನೌಟ್. ನಡೆಸುವುದು ಡಿಸಿಸಿಯಲ್ಲಿ (ಹಳಿಯಲ್ಲಿ ಸದಾ ಕರೆಂಟು ಇದ್ದು, ಎಂಜಿನ್ನುಗಳಿಗೆ ಡಿಜಿಟಲ್ ಆದೇಶ ಹೋಗುವ ಪದ್ಧತಿ). ಎರಡು ಟರ್ನೌಟನ್ನೂ ಒಂದೇ ದಾರಿಗೆ ಇಟ್ಟರೆ ಎಲ್ಲ ಸರಿ. ಒಂದನ್ನು ಮಾತ್ರ ತಿರುಗಿಸಿದರೆ ತಕ್ಷಣ ಬೂಸ್ಟರ್ (ಹಳಿಗೆ ಕರೆಂಟು ಕೊಡುವ ಪೆಟ್ಟಿಗೆ) ಕಟ್ ಆಗುತ್ತದೆ. ಆಗ ಹಳಿಯ ಮೇಲೆ ಒಂದು ಚಕ್ರವೂ ಇರುವುದಿಲ್ಲ. ಟರ್ನೌಟ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಕೊಡಲೇ?

ಉತ್ತರ: ಕೊಡಬೇಡಿ, ಅದು ಸರಿಯಾಗಿಯೇ ಇದೆ. ನೀವು ಬರೆದಿರುವ ಎರಡು ವಿವರ, ಅಂದರೆ ರೈಲಿಲ್ಲದೆಯೇ ಶಾರ್ಟ್ ಆಗುವುದು ಮತ್ತು ಒಂದನ್ನು ಮಾತ್ರ ತಿರುಗಿಸಿದಾಗ ಆಗುವುದು, ರೋಗವನ್ನು ಹೆಸರು ಹಿಡಿದು ಹೇಳುತ್ತಿವೆ. ಎಲ್ಲರೂ ಹೀಗೆ ಬರೆದರೆ ನನ್ನ ಕೆಲಸ ಅರ್ಧ ಕಡಿಮೆ.

ಈ ಬಗೆಯ ಟರ್ನೌಟಿನಲ್ಲಿ ಅತ್ತಿತ್ತ ಸರಿಯುವ ಎರಡು ಬ್ಲೇಡು, ಫ್ರಾಗ್, ಫ್ರಾಗ್‌ನಿಂದ ಹೊರಡುವ ಎರಡು ಒಳ ಹಳಿ, ಇಷ್ಟೂ ವಿದ್ಯುತ್ತಿನ ಲೆಕ್ಕದಲ್ಲಿ ಒಂದೇ ತುಂಡು. ಬ್ಲೇಡು ಯಾವ ಸ್ಟಾಕ್ ಹಳಿಗೆ (ಕದಲದ ಹೊರ ಹಳಿಗೆ) ತಾಗಿ ನಿಂತಿದೆಯೋ ಆ ಧ್ರುವ ಇಡೀ ತುಂಡಿಗೆ ಬರುತ್ತದೆ. ಈಗ ನಿಮ್ಮ ಲೂಪ್ ನೋಡಿ. ಎರಡು ಫ್ರಾಗ್‌ಗಳು ಎದುರುಬದುರಾಗಿ ಕೂತಿವೆ. ನಡುವೆ ಅವನ್ನು ಜೋಡಿಸುವುದು ಅವೇ ಒಳ ಹಳಿಗಳು. ಎರಡೂ ಟರ್ನೌಟ್ ಮುಖ್ಯ ಮಾರ್ಗಕ್ಕಿದ್ದರೆ ಎರಡು ಫ್ರಾಗ್‌ಗೂ ಒಂದೇ ಧ್ರುವ, ಜಗಳವಿಲ್ಲ. ಒಂದನ್ನು ಲೂಪಿಗೆ ತಿರುಗಿಸಿದಿರಿ ಎನ್ನಿ, ಅದರ ಫ್ರಾಗ್ ಎದುರು ಧ್ರುವಕ್ಕೆ ಹಾರುತ್ತದೆ. ಒಳ ಹಳಿಯ ಒಂದು ತುದಿಗೆ ಎಡದ ಕರೆಂಟು, ಇನ್ನೊಂದು ತುದಿಗೆ ಬಲದ ಕರೆಂಟು. ನಡುವೆ ತಡೆಯುವುದಕ್ಕೆ ಏನೂ ಇಲ್ಲ. ಬೂಸ್ಟರ್ ಕಟ್ ಆಗದೆ ಇನ್ನೇನು ಮಾಡೀತು?

ಪರಿಹಾರ: ಎರಡೂ ಟರ್ನೌಟಿನಲ್ಲಿ, ಫ್ರಾಗ್‌ನಿಂದ ಹೊರಡುವ ಎರಡೆರಡು ಒಳ ಹಳಿಗೆ ಲೋಹದ ಜಾಯಿನರ್ ತೆಗೆದು ಪ್ಲಾಸ್ಟಿಕ್ ಜಾಯಿನರ್ ಹಾಕಿ. ಒಟ್ಟು ನಾಲ್ಕು. ಒಂದು ಸಾಕಲ್ಲವೇ ಎಂದು ಚೌಕಾಸಿ ಮಾಡಬೇಡಿ. ಆಮೇಲೆ ಆ ಜಾಯಿನರ್‌ಗಳ ಆಚೆಯ ಹಳಿಗೆ, ಲೂಪಿಗೂ ಮುಖ್ಯ ಮಾರ್ಗಕ್ಕೂ, ಬಸ್ ವೈರಿನಿಂದ (ಲೇಔಟಿನ ಉದ್ದಕ್ಕೂ ಓಡುವ ಮುಖ್ಯ ವೈರಿನ ಜೋಡಿಯಿಂದ) ನೇರವಾಗಿ ಫೀಡರ್, ಅಂದರೆ ಕವಲು ವೈರು, ಕೊಡಿ. ಇದಾದ ಮೇಲೆ ಲೂಪಿನಲ್ಲಿ ಸದಾ ಕರೆಂಟು ಇರುತ್ತದೆ. ಡಿಸಿಸಿಯಲ್ಲಿ ಅದೇ ಬೇಕಾದ್ದು. ಹಳಿಯ ವೋಲ್ಟೇಜಿನಿಂದಲೇ ವೇಗ ಬದಲಿಸುವ ಹಳೆಯ ಡಿಸಿ ಕಂಟ್ರೋಲರ್‌ನವರು ಇದನ್ನೇ ಮಾಡಿದರೆ ಲೂಪಿನಲ್ಲಿ ನಿಲ್ಲಿಸಿಟ್ಟ ಎಂಜಿನ್ನೂ ಹೊರಟುಬಿಡುತ್ತದೆ, ಆದ್ದರಿಂದ ಅವರು ಆ ಫೀಡರಿಗೆ ಒಂದು ಸ್ವಿಚ್ ಹಾಕಿಕೊಳ್ಳಬೇಕು.

ಶಾರ್ಟ್ ಇಷ್ಟಕ್ಕೇ ಹೋಗುತ್ತದೆ. ಆದರೆ ಇಲ್ಲಿಗೆ ನಿಲ್ಲಿಸಿದರೆ ಆರು ತಿಂಗಳಿಗೆ ಇನ್ನೊಂದು ಪತ್ರ ಬರೆಯುತ್ತೀರಿ, ಅದು ನನಗೆ ಗೊತ್ತು. ಯಾಕೆಂದರೆ ಫ್ರಾಗ್‌ಗೆ ಕರೆಂಟು ಇನ್ನೂ ಬ್ಲೇಡಿನ ಸ್ಪರ್ಶದಿಂದಲೇ ಬರುತ್ತಿದೆ. ತೆಳ್ಳನೆಯ ಬ್ಲೇಡಿನ ಅಂಚು ಹಳಿಯ ಪಕ್ಕೆಗೆ ಒರಗಿ ನಿಂತಿರುತ್ತದೆ ಅಷ್ಟೆ. ಅಲ್ಲೊಂದು ಧೂಳಿನ ಕಣ, ಒಂದು ತೊಟ್ಟು ಅಂಟು ಸೇರಿದರೆ ಸಾಕು. ನಾನು ವೃತ್ತಿಯಲ್ಲಿ ಕಂಟ್ರೋಲ್ ಪ್ಯಾನೆಲ್ ವೈರಿಂಗ್ ಮಾಡಿಕೊಂಡು ಬಂದವನು. ಒತ್ತಡವಿಲ್ಲದೆ ಬರೀ ತಾಗಿಕೊಂಡಿರುವ ಎರಡು ಲೋಹವನ್ನು ಕಾಂಟ್ಯಾಕ್ಟ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬ್ಲೇಡು ಚಕ್ರಕ್ಕೆ ದಾರಿ ತೋರಿಸಲಿ. ಕರೆಂಟು ಸಾಗಿಸುವ ಕೆಲಸ ವೈರಿಗಿರಲಿ.

ಅದಕ್ಕೆ ಮೂರು ಕೆಲಸ ಮಾಡಬೇಕು. ಟರ್ನೌಟನ್ನು ಮಗುಚಿ ನೋಡಿದರೆ ಬ್ಲೇಡಿನ ಕಡೆಯ ಹಳಿಗೂ ಫ್ರಾಗ್‌ಗೂ ಸೇತುವೆಯಂತೆ ಬೆಸೆದ ಎರಡು ಸಣ್ಣ ತಂತಿ ಹಲವು ಮಾದರಿಗಳಲ್ಲಿ ಕಾಣುತ್ತವೆ. ಅವನ್ನು ಕತ್ತರಿಸಿ. ಹಾಗಿಲ್ಲದ ಮಾದರಿಯಲ್ಲಿ ಸಣ್ಣ ಗರಗಸದಿಂದ ಆ ಹಳಿಗಳನ್ನೇ ಕೊಯ್ಯಬೇಕು. ಈಗ ಬ್ಲೇಡುಗಳು ಫ್ರಾಗ್‌ನಿಂದ ಬೇರೆಯಾದವು. ಎರಡನೆಯದು, ಪ್ರತಿ ಬ್ಲೇಡಿನ ಹಳಿಯನ್ನೂ ಅದರ ಪಕ್ಕದ ಸ್ಟಾಕ್ ಹಳಿಗೆ ತುಂಡು ವೈರಿನಿಂದ ಬೆಸುಗೆ ಮಾಡಿ. ಇದರಿಂದ ಇನ್ನೊಂದು ಲಾಭವೂ ಇದೆ: ತೆರೆದು ನಿಂತ ಬ್ಲೇಡಿನ ಬೆನ್ನಿಗೆ ಚಕ್ರದ ಒಳಮೈ ತಾಗಿದರೂ ಎರಡೂ ಒಂದೇ ಧ್ರುವವಾದ್ದರಿಂದ ಶಾರ್ಟ್ ಆಗುವುದಿಲ್ಲ. ಡಿಸಿಯಲ್ಲಿ ಇಂಥ ಕ್ಷಣಮಾತ್ರದ ಶಾರ್ಟ್ ಕಣ್ಣಿಗೇ ಬೀಳದೆ ಹೋಗುತ್ತಿತ್ತು. ಡಿಸಿಸಿ ಬೂಸ್ಟರ್ ಮಿಲಿಸೆಕೆಂಡುಗಳಲ್ಲಿ ಕಟ್ ಆಗುವುದರಿಂದ ಇಡೀ ಲೇಔಟ್ ನಿಲ್ಲುತ್ತದೆ. ಡಿಸಿಸಿ ಹಾಕಿಸಿದ ಮೇಲೆ ಟರ್ನೌಟ್ ಕೆಟ್ಟುಹೋಯಿತು ಎಂದು ಬರೆಯುವವರೆಲ್ಲ ಈ ಸಾಲನ್ನು ಇನ್ನೊಮ್ಮೆ ಓದಿ. ಮೂರನೆಯದು, ಫ್ರಾಗ್‌ಗೆ ಒಂದು ವೈರು ಬೆಸೆದು ಅದನ್ನು ಟರ್ನೌಟ್ ಜೊತೆಗೇ ತಿರುಗುವ ಮೂರು ಕಾಲಿನ ಚೇಂಜೋವರ್ ಸ್ವಿಚ್ಚಿನ ನಡುವಿನ ಕಾಲಿಗೆ ಕೊಡಿ. ಉಳಿದ ಎರಡು ಕಾಲಿಗೆ ಎರಡು ಬಸ್ ವೈರು.

ಆ ಎರಡರಲ್ಲಿ ಯಾವುದು ಯಾವ ಕಾಲಿಗೆ ಎಂದು ಪೇಪರಿನ ಮೇಲೆ ಬರೆದು ತಲೆ ಕೆಡಿಸಿಕೊಳ್ಳಬೇಡಿ. ಬೂಸ್ಟರ್‌ನಿಂದ ಬರುವ ಒಂದು ವೈರಿನ ನಡುವೆ 12 ವೋಲ್ಟ್, 21 ವ್ಯಾಟಿನ ಕಾರಿನ ಬ್ರೇಕ್ ಬಲ್ಬ್ ಸರಣಿಯಲ್ಲಿ ಹಾಕಿ. ಶಾರ್ಟ್ ಆದರೆ ಅದು ಹೆಚ್ಚುಕಡಿಮೆ 2 ಆಂಪಿಯರ್‌ಗೆ ಕರೆಂಟನ್ನು ತಡೆದು ಜೋರಾಗಿ ಉರಿಯುತ್ತದೆ, ಏನೂ ಸುಡುವುದಿಲ್ಲ. ಎಂಜಿನ್ ಫ್ರಾಗ್ ಮೇಲೆ ಹೋದಾಗ ಬಲ್ಬ್ ಉರಿದರೆ ಎರಡು ವೈರು ಅದಲುಬದಲು ಮಾಡಿ. ಮುಗಿಯಿತು. ಉರಿಯುವ ಬಲ್ಬ್ ಬಿಸಿ ಇರುತ್ತದೆ, ಪ್ಲಾಸ್ಟಿಕ್ ಮನೆಗಳ ಮೇಲೆ ಒರಗಿಸಿಡಬೇಡಿ.

ಪ್ರಶ್ನೆ: ನನ್ನದು ಇನ್ಸುಲ್‌ಫ್ರಾಗ್. ಅಂದರೆ ಫ್ರಾಗ್ ಪ್ಲಾಸ್ಟಿಕ್ಕಿನದು. ಒಂದು ಎಂಜಿನ್ ಮಾತ್ರ ಫ್ರಾಗ್ ದಾಟುವಾಗ ಕಿಡಿ ಹಾರಿಸಿ ನಿಲ್ಲುತ್ತದೆ. ಉಳಿದವು ಆರಾಮಾಗಿ ಹೋಗುತ್ತವೆ.

ಉತ್ತರ: ಹಾಗಾದರೆ ಮೊದಲು ನೋಡಬೇಕಾದ್ದು ಎಂಜಿನ್ನು. ಎನ್ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಗೇಜ್ ತಗಡು ಇಟ್ಟು ಚಕ್ರದ ಅಂತರ ನೋಡಿ. ಒಂದು ಜೋಡಿ ಹೆಚ್ಚುಕಡಿಮೆ ಆಗಿರುವ ಸಂಭವ ಹೆಚ್ಚು.

ಚಕ್ರ ಸರಿಯಿದ್ದರೆ ಅದರ ಅಗಲ ನೋಡಿ. ಇನ್ಸುಲ್‌ಫ್ರಾಗ್‌ನ ಪ್ಲಾಸ್ಟಿಕ್ ಮೂತಿಯ ಹಿಂದೆಯೇ ವಿರುದ್ಧ ಧ್ರುವದ ಎರಡು ಹಳಿಗಳು ಕೂದಲೆಳೆಯಷ್ಟು ದೂರದಲ್ಲಿ ಶುರುವಾಗುತ್ತವೆ. ಅಗಲ ಚಕ್ರ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ. ಆ ಹಳಿಗಳ ನೆತ್ತಿಯ ಮೇಲೆ 5-6 ಮಿಲಿಮೀಟರ್ ಉದ್ದಕ್ಕೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ. ಸವೆದಾಗ ಮತ್ತೆ ಹಚ್ಚಿ. ಇದು ತೇಪೆ, ನಿಜ, ಆದರೆ ಒಳ್ಳೆಯ ತೇಪೆ. ಹೊಸದು ಕೊಳ್ಳುವಾಗ ಯೂನಿಫ್ರಾಗ್ ಸಿಕ್ಕರೆ ತೆಗೆದುಕೊಳ್ಳಿ. ಅದರಲ್ಲಿ ಮೂತಿ ಲೋಹದ್ದು, ಸುತ್ತಲಿನಿಂದ ಬೇರ್ಪಟ್ಟಿರುತ್ತದೆ, ಬೇಕಾದರೆ ಕರೆಂಟು ಕೊಡಲು ವೈರೂ ಇರುತ್ತದೆ.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸ್. ನನ್ನ ಹತ್ತಿರ ನಾಲ್ಕೇ ಚಕ್ರದ ಪುಟ್ಟ ಎಂಜಿನ್ ಇದೆ. ಟರ್ನೌಟ್ ಮಧ್ಯೆ ಬಂದು ನಿಲ್ಲುತ್ತೆ, ಬೆರಳಲ್ಲಿ ತಳ್ಳಿದರೆ ಹೋಗುತ್ತೆ. ಫ್ರಾಗ್ ಪ್ಲಾಸ್ಟಿಕ್ಕಿನದು. ಬೇರೆ ಟರ್ನೌಟ್ ತಗೋಬೇಕಾ?

ಉತ್ತರ: ಈಗಲೇ ಬೇಡ ಪುಟ್ಟಿ. ಮೊದಲು ಒಂದು ಪರೀಕ್ಷೆ ಮಾಡು. ಪ್ಲಾಸ್ಟಿಕ್ ಫ್ರಾಗ್ ಮೇಲೆ ಒಂದು ಹೊತ್ತಿಗೆ ಒಂದೇ ಚಕ್ರ ಇರುತ್ತೆ ಅಲ್ವಾ? ಅದೇ ಪಕ್ಕದ ಇನ್ನೊಂದು ಚಕ್ರ ಹಳಿ ಮೇಲೆ ಇದ್ದು ಕರೆಂಟು ತಗೊಂಡರೆ ಎಂಜಿನ್ ನಿಲ್ಲಬಾರದು. ನಿಲ್ಲುತ್ತಿದೆ ಅಂದರೆ ಯಾವುದೋ ಒಂದು ಚಕ್ರ ಕೆಲಸ ಕದಿಯುತ್ತಿದೆ. ಅದನ್ನು ಹಿಡಿಯುವುದು ಹೀಗೆ: ಟರ್ನೌಟ್ ಇಲ್ಲದ ನೇರ ಹಳಿ ಮೇಲೆ ಎಂಜಿನ್ ಇಡು. ಕಂಟ್ರೋಲರ್ ಸ್ವಲ್ಪವೇ ತಿರುಗಿಸಿ, ಎಂಜಿನ್ ಓಡಿಹೋಗದ ಹಾಗೆ ಮೆಲ್ಲಗೆ ಹಿಡಿದುಕೋ. ಈಗ ತೆಳು ಕಾಗದದ ಚೂರನ್ನು ಒಂದು ಚಕ್ರದ ಕೆಳಗೆ ತೂರಿಸು. ಕಾಗದ ಇರುವ ಚಕ್ರಕ್ಕೆ ಕರೆಂಟು ಸಿಗುವುದಿಲ್ಲ. ಆಗಲೂ ಚಕ್ರಗಳು ತಿರುಗುತ್ತಿದ್ದರೆ ಅದೇ ಪಕ್ಕದ ಇನ್ನೊಂದು ಚಕ್ರ ಒಳ್ಳೆಯದು. ನಿಂತರೆ ಆ ಇನ್ನೊಂದೇ ಕಳ್ಳ. ನಾಲ್ಕಕ್ಕೂ ಹೀಗೆ ಮಾಡು.

ಕಳ್ಳ ಸಿಕ್ಕ ಮೇಲೆ ಕರೆಂಟು ತೆಗೆದು ಎಂಜಿನ್ ಮಗುಚು. ಚಕ್ರದ ಮೇಲೆ ಕಪ್ಪು ಕೊಳೆ ಇದ್ದರೆ ಹತ್ತಿಯಲ್ಲಿ ಐಸೊಪ್ರೊಪಿಲ್ ಆಲ್ಕೋಹಾಲ್ ಹಾಕಿ ಒರೆಸು. ಅದು ಬೆಂಕಿ ಹಿಡಿಯುವಂಥದ್ದು, ಮನೆಯಲ್ಲಿ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೋ. ಚಕ್ರದ ಬೆನ್ನಿಗೆ ಒರಗುವ ತಾಮ್ರದ ಬಣ್ಣದ ಪಟ್ಟಿ ಚಕ್ರದಿಂದ ದೂರ ನಿಂತಿದ್ದರೆ ತುಸುವೇ ಬಗ್ಗಿಸು. ಎಲ್ಲ ಚಕ್ರವೂ ಚೆನ್ನಾಗಿದ್ದು ಆದರೂ ನಿಂತರೆ, ಟರ್ನೌಟ್ ಮಟ್ಟವಾಗಿಲ್ಲ, ಒಂದು ಚಕ್ರ ಗಾಳಿಯಲ್ಲಿದೆ ಅಂತ ಅರ್ಥ. ಆಗ ಮತ್ತೆ ಬರಿ.

ಪ್ರಶ್ನೆ: ಟರ್ನೌಟ್ ತಿರುಗಿಸುವ ಸೊಲೆನಾಯ್ಡ್ (ಕಾಯಿಲಿನ ಸೆಳೆತದಿಂದ ಕೆಲಸ ಮಾಡುವ) ಮೋಟರ್ ಹತ್ತು ಇವೆ, 16 ವೋಲ್ಟ್ ಟ್ರಾನ್ಸ್‌ಫಾರ್ಮರ್. ಪ್ಯಾನೆಲ್ ಹತ್ತಿರದವು ಟಕ್ಕೆಂದು ತಿರುಗುತ್ತವೆ. ದೂರದವು ಝೇಂಕರಿಸಿ ಅರ್ಧಕ್ಕೇ ನಿಲ್ಲುತ್ತವೆ. ಕ್ರಾಸೋವರ್‌ನ (ಒಂದು ಹಳಿಯಿಂದ ಪಕ್ಕದ ಹಳಿಗೆ ದಾಟಿಸುವ ಟರ್ನೌಟ್ ಜೋಡಿಯ) ಎರಡನ್ನು ಒಂದೇ ಬಟನ್ನಿಗೆ ಕೊಟ್ಟರೆ ಎರಡೂ ಕದಲುವುದಿಲ್ಲ. ಒಂದು ಈಗಾಗಲೇ ಸುಟ್ಟುಹೋಯಿತು. ಹೆಚ್ಚು ವೋಲ್ಟೇಜ್ ಕೊಡಲೇ?

ಉತ್ತರ: ವೈರಿನ ದಪ್ಪ ಬರೆದಿಲ್ಲ ನೀವು. ಗೊಂಬೆ ರೈಲಿಗೆ ಸಾಕಲ್ಲ ಎಂದು ಬಳಸುವ ತೆಳು ವೈರು, ಸುಮಾರು 0.22 ಚದರ ಮಿಲಿಮೀಟರ್ ಎಂದೇ ಇಟ್ಟುಕೊಳ್ಳುತ್ತೇನೆ. 5 ಮೀಟರ್ ದೂರದ ಮೋಟರಿಗೆ ಹೋಗಿ ಬರಲು 10 ಮೀಟರ್ ತಾಮ್ರ. ಅದರ ರೆಸಿಸ್ಟೆನ್ಸ್ ಸುಮಾರು 0.8 ಓಮ್. ಮನೆಯ ದೀಪಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ನಿಮ್ಮ ಕಾಯಿಲ್ 4 ಓಮ್ ಇದ್ದರೆ, ಹತ್ತಿರದ್ದಕ್ಕೆ 4 ಆಂಪಿಯರ್ ಸಿಗುವಲ್ಲಿ ದೂರದ್ದಕ್ಕೆ 3.3 ಮಾತ್ರ. ಕಾಯಿಲ್ ಎಳೆಯುವ ಬಲ ಸ್ಥೂಲವಾಗಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ, ಆದ್ದರಿಂದ ಬಲದಲ್ಲಿ ಮೂರನೇ ಒಂದು ಭಾಗದ ಹತ್ತಿರ ಹತ್ತಿರ ಹೋಯಿತು. 1.5 ಚದರ ಮಿಲಿಮೀಟರ್ ವೈರು ಎಳೆದರೆ ಅದೇ ದೂರಕ್ಕೆ ರೆಸಿಸ್ಟೆನ್ಸ್ 0.12 ಓಮ್ ಕೂಡ ಆಗುವುದಿಲ್ಲ. ಎಲ್ಲ ಮೋಟರಿಗೂ ಸಾಮಾನ್ಯವಾದ ಹಿಂತಿರುಗುವ ವೈರನ್ನಾದರೂ ದಪ್ಪ ಮಾಡಿ. ಹೆಚ್ಚಿನವರು ಮರೆಯುವುದು ಅದನ್ನೇ.

ಸುಟ್ಟ ಕಾಯಿಲ್ ವಿಷಯ. ಈ ಮೋಟರುಗಳು ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ತಿನ್ನಲು ಮಾಡಿದವು. 16 ವೋಲ್ಟಿಗೆ 4 ಆಂಪಿಯರ್ ಎಂದರೆ 64 ವ್ಯಾಟ್, ಬೆರಳ ಗಾತ್ರದ ಕಾಯಿಲಿನಲ್ಲಿ. ಅರ್ಧಕ್ಕೆ ನಿಂತಿತೆಂದು ಬಟನ್ ಒತ್ತಿಯೇ ಹಿಡಿದರೆ ಹೊಗೆ ಬರುವುದು ಗ್ಯಾರಂಟಿ. ಹೆಚ್ಚು ವೋಲ್ಟೇಜ್ ನೇರವಾಗಿ ಕೊಟ್ಟರೆ ಹೊಗೆ ಇನ್ನೂ ಬೇಗ.

ನಿಮಗೆ ಬೇಕಾದ್ದು ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್, ಸಿಡಿಯು. ಪುಟ್ಟ ಹುಂಡಿಯಿದ್ದಂತೆ: ನಿಧಾನವಾಗಿ ತುಂಬಿಕೊಂಡು ಬಟನ್ ಒತ್ತಿದಾಗ ಒಮ್ಮೆಗೇ ಸುರಿಯುತ್ತದೆ. 24 ವೋಲ್ಟಿಗೆ ತುಂಬಿದ 2200 ಮೈಕ್ರೋಫ್ಯಾರಡ್‌ನಲ್ಲಿ 0.6 ಜೂಲ್, 4700 ಆದರೆ 1.35 ಜೂಲ್. ಕ್ರಾಸೋವರ್‌ನ ಜೋಡಿಗೆ 4700ರದ್ದೇ ಇರಲಿ, ಕೆಪಾಸಿಟರ್ ಮೇಲೆ 35 ವೋಲ್ಟ್ ಅಥವಾ ಹೆಚ್ಚು ಎಂದು ಬರೆದಿರಲಿ. ಬಟನ್ ಅಂಟಿಕೊಂಡರೂ ಒಮ್ಮೆ ಸುರಿದ ಮೇಲೆ ಕಾಯಿಲಿಗೆ ಅಲ್ಪ ಕರೆಂಟು ಮಾತ್ರ ಹರಿಯುವುದರಿಂದ ಸುಡುವ ಭಯ ಹೋಗುತ್ತದೆ. ಒಂದು ಬಟನ್ ಒತ್ತಿ ಮತ್ತೊಂದನ್ನು ಒತ್ತುವ ಮುಂಚೆ ತುಂಬಿಕೊಳ್ಳಲು ಅದಕ್ಕೆ ಒಂದೆರಡು ಸೆಕೆಂಡು ಕೊಡಿ.

ಇಷ್ಟೆಲ್ಲ ಖರ್ಚಿಗೆ ಮುಂಚೆ, ಅರ್ಧಕ್ಕೆ ನಿಲ್ಲುವ ಟರ್ನೌಟಿನಿಂದ ಮೋಟರ್ ಬಿಚ್ಚಿ ಬೆರಳಲ್ಲಿ ಬ್ಲೇಡು ಸರಿಸಿ ನೋಡಿ. ಅಲ್ಲೇ ಬಿಗಿಯಿದ್ದರೆ ಜಲ್ಲಿ ಅಂಟು ಒಳಗೆ ಸೇರಿದೆ. ಅದಕ್ಕೆ ವಿದ್ಯುತ್ತಿನಲ್ಲಿ ಔಷಧವಿಲ್ಲ.

ಪ್ರಶ್ನೆ: ಸೊಲೆನಾಯ್ಡ್ ಸಾಕೆನಿಸಿ ಟಾರ್ಟಾಯ್ಸ್ ಮೋಟರಿಗೆ ಬಂದೆ. ಫ್ರಾಗ್ ವೈರಿಂಗ್ ಮಾಡಿದ್ದೇನೆ, ರೈಲು ಚೆನ್ನಾಗಿ ಓಡುತ್ತದೆ. ಆದರೆ ಟರ್ನೌಟ್ ತಿರುಗುವಾಗ ಪ್ರತಿಸಲ ಬೂಸ್ಟರ್ ಒಂದು ಕ್ಷಣ ಕಟ್ ಆಗಿ ತಾನೇ ಸರಿಹೋಗುತ್ತದೆ. ಯಾವುದೋ ಕಾಲಿಗೆ ವೈರು ತಪ್ಪಿದೆಯೇ?

ಉತ್ತರ: ಟಾರ್ಟಾಯ್ಸಿನ ಎಂಟು ಕಾಲುಗಳಲ್ಲಿ 1 ಮತ್ತು 8 ಮೋಟರಿಗೆ. 4 ನಡುಕಾಲು, ಅದಕ್ಕೆ 2 ಮತ್ತು 3 ಜೊತೆ. 5 ಇನ್ನೊಂದು ನಡುಕಾಲು, ಅದಕ್ಕೆ 6 ಮತ್ತು 7. ಫ್ರಾಗ್ ವೈರು 4ಕ್ಕೋ 5ಕ್ಕೋ ಇದ್ದರೆ ಸರಿ. ತಪ್ಪಿದ್ದರೆ ರೈಲು ಓಡುತ್ತಲೇ ಇರಲಿಲ್ಲ.

ನಿಮ್ಮದು ಸಮಯದ ತೊಂದರೆ. ಈ ಮೋಟರ್ ನಿಧಾನಿ, ಬ್ಲೇಡನ್ನು ತೆವಳಿಸುತ್ತದೆ. ಬ್ಲೇಡು ಹಳೆಯ ಹಳಿಯನ್ನು ಬಿಡುವ ಮುಂಚೆಯೇ ಒಳಗಿನ ಕಾಂಟ್ಯಾಕ್ಟ್ ಮಗುಚಿದರೆ, ಅಥವಾ ಹೊಸ ಹಳಿ ಮುಟ್ಟಿದ ಮೇಲೆ ಮಗುಚಿದರೆ, ಅಷ್ಟು ಹೊತ್ತು ಫ್ರಾಗ್‌ಗೆ ಎರಡು ಕಡೆಯಿಂದ ಎರಡು ಧ್ರುವ. ಬ್ಲೇಡು ಎರಡೂ ಹಳಿಯಿಂದ ದೂರವಿರುವಾಗಲೇ ಕಾಂಟ್ಯಾಕ್ಟ್ ಮಗುಚಬೇಕು. ಮೋಟರಿನ ಸ್ಕ್ರೂ ಸಡಿಲಿಸಿ ಅದರ ನಡು ಬ್ಲೇಡಿನ ಓಟದ ನಡುವಿಗೆ ಸರಿಯಾಗಿ ಬರುವಂತೆ ಕೂರಿಸಿ. ಹೊಂದಿಸುತ್ತಾ ಕೂರಲು ತಾಳ್ಮೆಯಿಲ್ಲದಿದ್ದರೆ ಮೇಲೆ ಲೂಪಿನವರಿಗೆ ಹೇಳಿದ ಮದ್ದು: ಬ್ಲೇಡುಗಳನ್ನು ಫ್ರಾಗ್‌ನಿಂದ ಕತ್ತರಿಸಿ ಸ್ಟಾಕ್ ಹಳಿಗೆ ಕಟ್ಟಿ. ಆಮೇಲೆ ಕಾಂಟ್ಯಾಕ್ಟ್ ಯಾವಾಗ ಮಗುಚಿದರೂ ಯಾರಿಗೂ ತೊಂದರೆಯಿಲ್ಲ. ನಾನಾಗಿದ್ದರೆ ನೇರವಾಗಿ ಎರಡನೆಯದನ್ನೇ ಮಾಡುತ್ತಿದ್ದೆ.

ತಿರುಗಿ ಮುಗಿದ ಮೇಲೂ ಮೋಟರಿಗೆ ಕರೆಂಟು ಇದ್ದೇ ಇರುತ್ತದಲ್ಲ, ಸುಡುವುದಿಲ್ಲವೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಇಲ್ಲ. ನಿಂತಾಗ 12 ವೋಲ್ಟಿಗೆ ಎಳೆಯುವುದು 16 ಮಿಲಿ ಆಂಪಿಯರ್ ಆಸುಪಾಸು. ಹಾಗೆ ಒತ್ತಿಕೊಂಡಿರಲೆಂದೇ ಅದನ್ನು ಮಾಡಿರುವುದು.

ಪ್ರಶ್ನೆ: ಫ್ರಾಗ್ ಜ್ಯೂಸರ್ ಹಾಕಿದರೆ ಈ ಸ್ವಿಚ್ಚು ಗಿಚ್ಚು ಯಾವುದೂ ಬೇಡ ಎನ್ನುತ್ತಾರೆ. ನಿಜವೇ?

ಉತ್ತರ: ಡಿಸಿಸಿಯಲ್ಲಿ ನಿಜ, ಡಿಸಿಯಲ್ಲಿ ಅದು ಕೆಲಸಕ್ಕೆ ಬಾರದು. ಚಕ್ರ ಫ್ರಾಗ್ ಮುಟ್ಟಿ ಶಾರ್ಟ್ ಆದದ್ದನ್ನು ಕಂಡುಹಿಡಿದು, ಬೂಸ್ಟರ್ ಕಟ್ ಆಗುವ ಮುಂಚೆಯೇ ಧ್ರುವ ಬದಲಿಸುತ್ತದೆ. ಕೈಯಲ್ಲೇ ತಿರುಗಿಸುವ ಟರ್ನೌಟಿಗೆ, ಕೆಳಗೆ ಸ್ವಿಚ್ ಕೂರಿಸಲು ಜಾಗವಿಲ್ಲದ ಕಡೆಗೆ ಬಹಳ ಅನುಕೂಲ. ಜಾಗವಿದ್ದರೆ ನನ್ನ ಮತ ಟರ್ನೌಟ್ ಜೊತೆಗೇ ತಿರುಗುವ ಪುಟ್ಟ ಮೈಕ್ರೋಸ್ವಿಚ್ಚಿಗೆ. ಅದು ಶಾರ್ಟ್ ಆಗಲೆಂದು ಕಾಯುವುದಿಲ್ಲ.

ಪ್ರಶ್ನೆ: ಟರ್ನೌಟ್ ತಿರುಗಿಸಲು ಹಾಕಿದ ಸರ್ವೊ ಮೋಟರ್‌ಗಳು ಸ್ವಿಚ್ ಆನ್ ಮಾಡಿದಾಗ ನಡುಗುತ್ತವೆ. ಕೆಲವೊಮ್ಮೆ ರೈಲು ಪಕ್ಕದಲ್ಲಿ ಹೋದಾಗಲೂ.

ಉತ್ತರ: ಸರ್ವೊಗೆ ಸುಮಾರು 20 ಮಿಲಿಸೆಕೆಂಡಿಗೊಮ್ಮೆ 1ರಿಂದ 2 ಮಿಲಿಸೆಕೆಂಡಿನ ಪಲ್ಸ್ ಹೋಗುತ್ತದೆ, ಪಲ್ಸಿನ ಉದ್ದವೇ ಅದರ ಕೋನ. ಸಿಗ್ನಲ್ ವೈರು ಹಳಿಯ ಬಸ್ ವೈರಿಗೆ ಜೋಡಿಯಾಗಿ ಮಲಗಿದ್ದರೆ ಡಿಸಿಸಿಯ ಗದ್ದಲ ಅದಕ್ಕೆ ಹತ್ತಿ ಉದ್ದ ತಪ್ಪುತ್ತದೆ. ಎರಡನ್ನೂ ದೂರ ಇಡಿ, ಅನಿವಾರ್ಯವಾದರೆ ಅಡ್ಡವಾಗಿ ದಾಟಿಸಿ. ಸರ್ವೊಗಳ 5 ವೋಲ್ಟ್ ಸಪ್ಲೈ ಬೇರೆಯೇ ಇರಲಿ, ದೂರದ ಸರ್ವೊ ಪಕ್ಕದಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಆನ್ ಮಾಡಿದಾಗಿನ ನಡುಕಕ್ಕೆ, ಕಂಟ್ರೋಲರ್ ಪಲ್ಸ್ ಕಳಿಸಲು ಶುರುಮಾಡಿದ ಮೇಲೆ ಸರ್ವೊಗೆ ಕರೆಂಟು ಕೊಡುವ ಒಂದು ರಿಲೇ ಸಾಕು. ಸರ್ವೊ ಒಳಗೆ ಫ್ರಾಗ್‌ಗೆ ಕಾಂಟ್ಯಾಕ್ಟ್ ಇರುವುದಿಲ್ಲ, ಮೈಕ್ರೋಸ್ವಿಚ್ ನೀವೇ ಸೇರಿಸಬೇಕು.

ಪ್ರಶ್ನೆ: ಎರಡು ವರ್ಷ ಸರಿಯಾಗಿ ಓಡಿದ ಲೇಔಟ್. ಎಲ್ಲ ಟರ್ನೌಟಿಗೂ ಗರಗಸದಲ್ಲಿ ಕೊಯ್ದು ಗ್ಯಾಪ್ ಮಾಡಿದ್ದೆ, ಫ್ರಾಗ್ ವೈರಿಂಗೂ ಇದೆ. ಈಗ ಒಣಹವೆ ಶುರುವಾದ ಮೇಲೆ ಕೆಲವು ದಿನ ಬೆಳಗ್ಗೆಯೇ ಶಾರ್ಟ್, ಕೆಲವು ದಿನ ಇಲ್ಲ. ಮೀಟರ್ ಹಿಡಿದು ಕೂತರೆ ಎಲ್ಲ ಸರಿಯಿರುತ್ತದೆ.

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ: ಒಣಹವೆ. ಕೆಳಗಿನ ಮರದ ಚೌಕಟ್ಟು ತೇವ ಕಳೆದುಕೊಂಡು ಕುಗ್ಗಿದೆ. ಹಳಿ ಹಾಗೆ ಕುಗ್ಗುವುದಿಲ್ಲ. ಎರಡರ ನಡುವೆ ಸಿಕ್ಕಿ ನಿಮ್ಮ ಗರಗಸದ ಸೀಳು ಮುಚ್ಚಿಕೊಂಡಿದೆ, ಅಥವಾ ಮುಚ್ಚಿಕೊಳ್ಳುವ ಅಂಚಿನಲ್ಲಿದೆ. ಕೆಲವು ದಿನ ಅಷ್ಟಿಷ್ಟು ತೆರೆಯುತ್ತದೆ, ನೀವು ಮೀಟರ್ ತೆಗೆಯುವುದು ಆಗಲೇ.

ಶಾರ್ಟ್ ಇರುವ ದಿನ ಪ್ರತಿ ಸೀಳಿನಲ್ಲೂ ಕಾಗದದ ಅಂಚು ತೂರಿಸಿ ನೋಡುತ್ತಾ ಬನ್ನಿ. ತೂರದ ಕಡೆ ಗುರುತು ಹಾಕಿ. ಅಲ್ಲಿ ಮತ್ತೆ ಗರಗಸ ಆಡಿಸಿ, ಸೀಳಿನಷ್ಟೇ ದಪ್ಪದ ಸ್ಟೈರೀನ್ ಹಾಳೆಯ ಚೂರನ್ನು ಎಪಾಕ್ಸಿ ಹಚ್ಚಿ ಒತ್ತಿ ಕೂರಿಸಿ. ಗುರುತು ಬೀಳದ ಸೀಳುಗಳಿಗೂ ಇದನ್ನೇ ಮಾಡಿ, ಅವುಗಳ ಸರದಿ ಮುಂದೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಹಳಿಯ ನೆತ್ತಿಗೂ ಒಳಪಕ್ಕೆಗೂ ಸಮವಾಗುವಂತೆ ಚಾಕುವಿನಿಂದ ಕೆತ್ತಿ ಅರದಿಂದ ಉಜ್ಜಿ. ಒಳಪಕ್ಕೆ ಮರೆತರೆ ಚಕ್ರದ ಅಂಚು ಹತ್ತಿ ಬೋಗಿ ಹಳಿ ತಪ್ಪುತ್ತದೆ.